ಪಿಸ್ಟನ್ ಕೋವಿಯೋ, ನೇರ ಗ್ಯಾಸಿನದೋ: ಒಬ್ಬ ಆರ್ಮರರ್ ಲೆಕ್ಕ

ಸೇನೆಯ ಯಂತ್ರೋಪಕರಣ ರಿಪೇರಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್, ಅಂದರೆ ಕೋವಿ ದುರಸ್ತಿಗಾರ, ಆಗಿದ್ದು ನಿವೃತ್ತನಾಗಿ, ಈಗ ವಿರಾಜಪೇಟೆ ಕಡೆ ಕಾಫಿ ತೋಟ ನೋಡಿಕೊಂಡಿದ್ದೇನೆ. ಮೊಬೈಲಿನಲ್ಲಿ ವಿಡಿಯೊ ನೋಡಿದ ಹುಡುಗರು ಸಿಕ್ಕಾಗಲೆಲ್ಲ ಕೇಳುವುದು ಒಂದೇ: "ಮಾವ, ಎಕೆ ಒಳ್ಳೇದಾ, ಎಂ4 ಒಳ್ಳೇದಾ?" ರಷ್ಯಾದ ಎಕೆ ಪಿಸ್ಟನ್ನಿನದು, ಅಮೆರಿಕದ ಎಂ4 ನೇರ ಗ್ಯಾಸಿನದು. ಮೊದಲೇ ಹೇಳಿಬಿಡುತ್ತೇನೆ, ಸೇನೆಯ ಈ ರೈಫಲ್‌ಗಳೆರಡೂ ನಮ್ಮ ಮನೆಗೆ ಬರುವಂಥವಲ್ಲ. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಇರುವ ಕೋವಿ ಲೈಸನ್ಸ್ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ 2029ರವರೆಗೆ ಮುಂದುವರಿಸಿದೆ, ನಿಜ. ಆದರೆ ತಾನೇ ತೋಟಾ ತುಂಬಿಕೊಳ್ಳುವ ಸೇನೆಯ ರೈಫಲ್ ಅದರಲ್ಲಿ ಬರುವುದಿಲ್ಲ. ಇದು ಸೇನೆಗೆ ಸೇರುವವರಿಗೆ, ಕುತೂಹಲ ಇರುವವರಿಗೆ.

ಗುಂಡು ನಳಿಗೆಯಲ್ಲಿ ಮುಂದೆ ಹೋಗುವಾಗ ಒಂದು ಸಣ್ಣ ತೂತಿನಿಂದ ಮದ್ದು ಉರಿದ ಗ್ಯಾಸ್ ಸ್ವಲ್ಪ ಮೇಲಕ್ಕೆ ನುಗ್ಗುತ್ತದೆ. ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಬೋಲ್ಟನ್ನೂ, ಅದನ್ನು ಹೊತ್ತು ಓಡುವ ಕ್ಯಾರಿಯರನ್ನೂ ಹಿಂದಕ್ಕೆ ತಳ್ಳುವುದು ಈ ಗ್ಯಾಸೇ. ಅದು ಎಲ್ಲಿ ಕೆಲಸ ಮಾಡುತ್ತದೆ ಅನ್ನುವುದರಲ್ಲಿದೆ ವ್ಯತ್ಯಾಸವೆಲ್ಲ. ನಮ್ಮ ಸೇನೆಯ ಹಳೆಯ ರೈಫಲ್ ಎಸ್‌ಎಲ್‌ಆರ್‌ನಲ್ಲಿ ಅದು ಮುಂದೆಯೇ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ ಹಿಂದಿನ ಕ್ಯಾರಿಯರ್‌ಗೆ ಒಂದೇಟು ಕೊಟ್ಟು ತನ್ನ ಸ್ಪ್ರಿಂಗಿನಿಂದ ವಾಪಸ್ ಬರುತ್ತದೆ. ಎಕೆ, ನಮ್ಮ ಸೇನೆಯ ಇನ್ಸಾಸ್‌ಗಳಲ್ಲಿ ಪಿಸ್ಟನ್ ಕ್ಯಾರಿಯರ್‌ಗೇ ಸೇರಿಕೊಂಡಿದೆ, ಎರಡೂ ಒಟ್ಟಿಗೆ ಕೊನೆವರೆಗೂ ಓಡುತ್ತವೆ. ಎಂ16, ಎಂ4ಗಳಲ್ಲಿ ನಳಿಗೆಯ ಮೇಲೆ ಒಂದು ತೆಳ್ಳನೆಯ ಪೈಪ್ ಇದೆ. ಗ್ಯಾಸ್ ಅದರಲ್ಲಿ ಹಿಂದಕ್ಕೆ ಬಂದು ಕ್ಯಾರಿಯರ್ ಒಳಗೇ ಹೊಗುತ್ತದೆ. ಅಲ್ಲಿ ಬೋಲ್ಟ್‌ನ ಬಾಲಕ್ಕೆ ಮೂರು ಉಂಗುರ. ಬೋಲ್ಟೇ ಪಿಸ್ಟನ್ನಿನ ಕೆಲಸ ಮಾಡಿ, ಉಳಿದ ಗ್ಯಾಸ್ ಕ್ಯಾರಿಯರ್ ಪಕ್ಕದ ತೂತುಗಳಿಂದ ಹೊರಗೆ. ಇದೇ ನೇರ ಗ್ಯಾಸ್. ಇದನ್ನು ರೂಪಿಸಿದ ಯೂಜೀನ್ ಸ್ಟೋನರ್ ತಲೆ ಓಡಿಸಿದ್ದು ಇಲ್ಲಿ.

ಎಂ4 ನನ್ನ ಕೈಗೆ ಸಿಕ್ಕಿದ್ದು 2016ರಲ್ಲಿ, ರಾಣಿಖೇತ್ ಹತ್ತಿರದ ಚೌಬಾಟಿಯಾದಲ್ಲಿ ಅಮೆರಿಕದವರ ಜೊತೆ ನಡೆದ ಯುದ್ಧ ಅಭ್ಯಾಸದ ಹೊತ್ತಿನಲ್ಲಿ. ಎತ್ತಿಕೊಂಡ ಕೂಡಲೇ ಹಗುರ ಅನ್ನಿಸಿತು. ಖಾಲಿ ತೂಕ ಸುಮಾರು 3 ಕೆ.ಜಿ., ಎಸ್‌ಎಲ್‌ಆರ್ ನಾಲ್ಕು ದಾಟುತ್ತದೆ. ತೋಟಾವೇ ಬೇರೆ ಆದ್ದರಿಂದ ಅದು ನ್ಯಾಯದ ಹೋಲಿಕೆಯಲ್ಲ, ಬಿಡಿ. ಆದರೆ ಮುಂಭಾಗದಲ್ಲಿ ಪಿಸ್ಟನ್ನಿನ ಭಾರವಿಲ್ಲ, ಒದೆತ ನೇರ ಭುಜಕ್ಕೇ ಬರುತ್ತದೆ, ಎರಡನೇ ಗುಂಡಿಗೆ ಗುರಿ ಬೇಗ ಕೂರುತ್ತದೆ. ಇದು ನನಗೆ ತುಂಬ ಹಿಡಿಸಿತು. ಫೈರಿಂಗ್ ಮುಗಿದು ಬಿಚ್ಚಿದಾಗ ಇನ್ನೊಂದು ಮುಖ ಕಂಡಿತು. ಬೋಲ್ಟ್ ಬರಿಗೈಯಲ್ಲಿ ಹಿಡಿಯಲಾಗದಷ್ಟು ಸುಡುತ್ತಿತ್ತು. ಬಾಲದ ಸುತ್ತ ಮಸಿ ಕಟ್ಟಿ, ಚಿಂದಿಯಲ್ಲಿ ಒರೆಸಿದರೆ ಬರದೆ ಕೆರೆಯಬೇಕಾಯಿತು. ಎಸ್‌ಎಲ್‌ಆರ್‌ನಲ್ಲಿ ಬೋಲ್ಟ್ ಜಾಗದಲ್ಲಿರುವ ಬ್ರೀಚ್ ಬ್ಲಾಕನ್ನು ಫೈರಿಂಗ್ ಆದಮೇಲೂ ಆರಾಮಾಗಿ ಅಂಗೈಯಲ್ಲಿ ಇಟ್ಟುಕೊಳ್ಳಬಹುದು.

ಹಾಗಂತ ಪಿಸ್ಟನ್ನಿಗೆ ಮಸಿ ಇಲ್ಲವೆ? ಇದೆ, ಮುಂದೆ ಇದೆ. ಎಸ್‌ಎಲ್‌ಆರ್‌ನಲ್ಲಿ ತೋಟಾದ ಮೂತಿಯಿಂದ ಪ್ಲಂಜರ್ ಒತ್ತಿ, ಗ್ಯಾಸ್ ಪ್ಲಗ್ (ಪಿಸ್ಟನ್ ಮುಂದಿನ ಮುಚ್ಚಳ) ತಿರುಗಿಸಿ, ಪಿಸ್ಟನ್ ಹೊರಗೆ ತೆಗೆದರೆ ತಲೆಯಲ್ಲಿ ಕರಿ ಹುರುಪೆ. ಇಲ್ಲಿ ನಮ್ಮ ಊರಿನ ಹುಡುಗರಿಗೆ ನಾನು ಕೋತ್‌ನಲ್ಲಿ (ಸೇನೆಯ ಆಯುಧ ಕೋಣೆ) ಪದೇಪದೇ ಬೈದದ್ದು ಎಣ್ಣೆಯ ವಿಷಯಕ್ಕೆ. ಕಕ್ಕಡ ತಿಂಗಳ ಮಳೆಯಲ್ಲಿ ಗೋಡೆಗೂ ಬೂಷ್ಟು ಹಿಡಿಯುವ ಊರು ನಮ್ಮದು. ಅಜ್ಜನ ಕೇಪು ಕೋವಿಗೆ ತುಕ್ಕು ಬರಬಾರದೆಂದು ಮೂತಿಯಿಂದ ಹಿಡಿವರೆಗೆ ಎಣ್ಣೆ ಬಳಿದು ಬೆಳೆದವರು. ಅದೇ ಕೈಯಲ್ಲಿ ಪಿಸ್ಟನ್ನಿಗೂ ಗ್ಯಾಸ್ ಸಿಲಿಂಡರಿಗೂ ಎಣ್ಣೆ ಸುರಿಯುತ್ತಾರೆ. ಆ ಎಣ್ಣೆ ಸುಟ್ಟು ಮಸಿಯ ಜೊತೆ ಸೇರಿ ಗಟ್ಟಿಯಾಗುತ್ತದೆ, ಪಿಸ್ಟನ್ ಬಿಗಿಯುತ್ತದೆ. ಫೈರಿಂಗಿಗೆ ಮುಂಚೆ ಗ್ಯಾಸ್ ಓಡಾಡುವ ಭಾಗ ಒಣಗಿರಬೇಕು. ಎಂ4ಗೆ ತಿರುಗುಮುರುಗು. ಅದರ ಬೋಲ್ಟ್, ಉಂಗುರಗಳು ಎಣ್ಣೆಯಲ್ಲಿ ಒದ್ದೆಯಾಗಿದ್ದರೆ ಮಸಿಯಿದ್ದರೂ ಓಡುತ್ತದೆ, ಒಣಗಿದರೆ ನಿಲ್ಲುತ್ತದೆ.

ಎಸ್‌ಎಲ್‌ಆರ್‌ಗೆ ಇನ್ನೊಂದು ಅನುಕೂಲ, ಪಿಸ್ಟನ್ನಿಗೆ ಸಿಗುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡುವ ರೆಗ್ಯುಲೇಟರ್. ಪೂರ್ತಿ ತೆರೆದರೆ ಹೆಚ್ಚು ಗ್ಯಾಸ್ ಹೊರಗೆ ಹೋಗಿ ಖಾಲಿ ತೋಟಾ ಸರಿಯಾಗಿ ಹಾರುವುದಿಲ್ಲ. ಒಂದೊಂದೇ ಕ್ಲಿಕ್ ಮುಚ್ಚುತ್ತಾ ಬಂದು, ಸರಾಗವಾಗಿ ಹಾರತೊಡಗಿದ ಮೇಲೆ ಕೊಳೆಗೆಂದು ಇನ್ನೂ ಒಂದೆರಡು ಮುಚ್ಚಿ ಬಿಡುತ್ತಿದ್ದೆ. ಪೂರ್ತಿ ಮುಚ್ಚಿಟ್ಟವರ ಭುಜ ಸಂಜೆಗೆ ಮಾತಾಡುತ್ತಿತ್ತು. ಎಂ4ನಲ್ಲಿ ಹೀಗೆ ತಿರುಗಿಸುವುದಕ್ಕೆ ಏನೂ ಇಲ್ಲ.

ವಿಯೆಟ್ನಾಮಿನಲ್ಲಿ ಎಂ16 ಕೈಕೊಟ್ಟ ಕಥೆಯನ್ನೇ ಹಿಡಿದು ನೇರ ಗ್ಯಾಸನ್ನು ಬೈಯುವವರಿದ್ದಾರೆ. ಆಗ ಮದ್ದನ್ನು ಬದಲಿಸಿದ್ದರು, ತೋಟಾ ಕೂರುವ ಚೇಂಬರ್‌ಗೆ ಕ್ರೋಮ್ ಲೇಪ ಇರಲಿಲ್ಲ, ಕ್ಲೀನಿಂಗ್ ಕಿಟ್ ಸಾಕಷ್ಟು ಸಿಕ್ಕಿರಲಿಲ್ಲ. ಇವನ್ನು ಸರಿಪಡಿಸಿದ ಮೇಲೆ ಅದೇ ವ್ಯವಸ್ಥೆ ಇವತ್ತಿಗೂ ನಡೆಯುತ್ತಿದೆ. ಎಂ4 ಮಾದರಿಗೆ ಆಮೇಲೆ ಪಿಸ್ಟನ್ ಕೂರಿಸಿದ ಕೋವಿಗಳೂ ಇವೆ, ಎಚ್‌ಕೆ416 ಅಂಥದ್ದು. ಬೋಲ್ಟ್ ತಣ್ಣಗಿರುತ್ತದೆ, ಆದರೆ ಮುಂಭಾಗ ಭಾರ. ಮೇಲಿನಿಂದ ಏಟು ಬೀಳುವುದರಿಂದ ಕ್ಯಾರಿಯರ್ ಹಿಂಭಾಗ ಕೆಳಕ್ಕೆ ವಾಲುತ್ತದೆ. ಇದನ್ನು ತಡೆಯಲು ವಿನ್ಯಾಸದಲ್ಲೇ ಜಾಗ್ರತೆ ಬೇಕು.

ಸೇನೆಯ ಒಂದು ಕಂಪನಿಗೆಲ್ಲ ಕೊಡುವ ಕೋವಿ ಆರಿಸು ಅಂದರೆ ನಾನು ಪಿಸ್ಟನ್ನಿಗೇ ಕೈ ಹಾಕುತ್ತೇನೆ. ನೂರು ಜನರಲ್ಲಿ ಮಳೆಯಲ್ಲಿ ನೆನೆದು ಬಂದು ಹಾಗೇ ಮಲಗುವವರು ಇದ್ದೇ ಇರುತ್ತಾರೆ. ನನಗೊಬ್ಬನಿಗೇ ಆದರೆ ನೇರ ಗ್ಯಾಸಿನದೇ ಸಾಕು, ಸಂಜೆ ಕೂತು ಬೋಲ್ಟ್ ಕೆರೆಯುವುದಕ್ಕೆ ನನಗೆ ಬೇಜಾರಿಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗೆ ಮನೆಯಲ್ಲಿರುವುದು ಕೈಯಲ್ಲಿ ಎಳೆಯುವ .22 ಬೋಲ್ಟ್ ಆ್ಯಕ್ಷನ್. ಅದಕ್ಕೆ ಗ್ಯಾಸಿನ ಗೊಡವೆಯೇ ಇಲ್ಲ. ಚೇಂಬರ್ ಒಣಚಿಂದಿಯಲ್ಲಿ ಒರೆಸಿ, ನಳಿಗೆಗೆ ಒಂದು ಪುಲ್‌ಥ್ರೂ (ಚಿಂದಿ ಕಟ್ಟಿದ ದಾರ) ಎಳೆದರೆ ಆಯಿತು.