ಪುಸ್ತಕ ಆರಿಸುವುದನ್ನು ಮಕ್ಕಳಿಗೇ ಬಿಟ್ಟೆ: ಒಂದು ಇಂಗ್ಲಿಷ್ ತರಗತಿಯ ಅನುಭವ

ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರ ಮನೆಮಾತು ತೆಲುಗು, ತಾಂಡಾದಿಂದ ಬರುವವರದು ಲಂಬಾಣಿ. ಶಾಲೆಗೆ ಬಂದರೆ ಕನ್ನಡ, ಅದಾದ ಮೇಲೆ ಇಂಗ್ಲಿಷ್. "ಮೇಡಂ, ಇವರಿಗೆ ಪಠ್ಯದ ಪದ್ಯವೇ ಬಾಯಿಗೆ ಹತ್ತುವುದಿಲ್ಲ, ನೀವು ಕಥೆಪುಸ್ತಕ ಆರಿಸಿಕೊಳ್ಳಿ ಎನ್ನುತ್ತೀರಲ್ಲ" ಎಂದು ಆಕ್ಷೇಪಿಸಿದ್ದ ಸಹೋದ್ಯೋಗಿಗಳೇ ಈಗ ಯಾವ ಪುಸ್ತಕ ತರಿಸಬೇಕೆಂದು ಪಟ್ಟಿ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಹೋದ ದುಡ್ಡಿನ ಲೆಕ್ಕ. ಬೆಂಗಳೂರಿನ ಅವೆನ್ಯೂ ರಸ್ತೆಯಿಂದ ಹಳೆಯ ಕಾದಂಬರಿಗಳ ಎರಡು ಕಟ್ಟು ತಂದೆ, ನಾಲ್ಕು ಸಾವಿರದ ಹತ್ತಿರ ಆಯಿತು. ಎಲ್ಲವೂ ವಿದೇಶದ ಹದಿಹರೆಯದವರ ಕಥೆಗಳು. ಹಿಮ, ವಸತಿಶಾಲೆ, ನೃತ್ಯಕೂಟ. ಚೆನ್ನಾಗಿ ಓದುವ ಹುಡುಗಿಯೂ ಎರಡನೇ ಪುಟ ದಾಟಲಿಲ್ಲ. ನಂತರ ಯಾರೋ ದಾನ ಕೊಟ್ಟ ದಪ್ಪ ವಿಶ್ವಕೋಶಗಳು ಬಂದವು. ಅವು ದಾಸ್ತಾನು ಪುಸ್ತಕಕ್ಕೆ ಏರಿದ್ದರಿಂದ ಬೀರುವಿನಿಂದ ಕೆಳಗಿಳಿಯಲೇ ಇಲ್ಲ. ಕಳೆದರೆ ಶಿಕ್ಷಕರ ತಲೆಗೇ ಬರುತ್ತದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಅಂದಿನಿಂದ ಮಕ್ಕಳ ಕೈಗೆ ಹೋಗುವ ಪುಸ್ತಕಗಳನ್ನು ನನ್ನ ಸಂಬಳದಲ್ಲೇ ಕೊಳ್ಳುತ್ತೇನೆ. ಹರಿಯಲಿ, ಕಳೆಯಲಿ, ಯಾರಿಗೂ ವಿವರಣೆ ಕೊಡಬೇಕಾಗಿಲ್ಲ.

ಕೈಹಿಡಿದದ್ದು ತೆಳುವಾದ ಪುಸ್ತಕಗಳು. ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಕಥೆಗಳು ಉಚಿತ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಿ ಹಂಚಲು ಅಡ್ಡಿಯಿಲ್ಲ. ಓದಿನ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ ಕಥೆಗಳಲ್ಲಿ ಮೂರನೇ, ನಾಲ್ಕನೇ ಹಂತದವನ್ನು ಇಳಿಸಿಕೊಂಡು, ಹೊದಿಕೆಯನ್ನಷ್ಟೇ ಬಣ್ಣದಲ್ಲಿ, ಒಳಪುಟಗಳನ್ನು ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ತೆಗೆಸಿದೆ. ಒಂದಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಬಿದ್ದಿರಬಹುದು. ತೂಲಿಕಾ ಪ್ರಕಾಶನದಿಂದ ಮಹಾಶ್ವೇತಾ ದೇವಿಯವರ 'ದ ವೈ-ವೈ ಗರ್ಲ್' ತರಿಸಿದೆ. ಮೇಕೆ ಕಾಯುವ ಶಬರ ಬುಡಕಟ್ಟಿನ ಹುಡುಗಿ ಮೊಯ್ನಾ ಎಲ್ಲದಕ್ಕೂ ಏಕೆ ಎಂದು ಕೇಳುವ ಕಥೆ. ಮೇಕೆ ಕಾಯ್ದು ಶಾಲೆಗೆ ಬರುವ ಮಕ್ಕಳು ನಮ್ಮಲ್ಲೂ ಇದ್ದಾರೆ.

ಆದರೆ ಮೀಸೆ ಚಿಗುರಿದ ಹತ್ತನೇ ತರಗತಿಯ ಹುಡುಗರಿಗೆ ಚಿತ್ರದ ಪುಸ್ತಕ ಹಿಡಿಯಲು ನಾಚಿಕೆ. ಪಕ್ಕದ ಪ್ರಾಥಮಿಕ ಶಾಲೆಯ ಒಂದನೇ ತರಗತಿಗೆ ಶನಿವಾರ ಓದಿ ಹೇಳುವ ಕೆಲಸವನ್ನು ಅವರಿಗೇ ಒಪ್ಪಿಸಿದೆ. ಚಿಕ್ಕವರ ಮುಂದೆ ತೊದಲಬಾರದೆಂದು ಶುಕ್ರವಾರ ಸಂಜೆಯೇ ಕೂತು ಅಭ್ಯಾಸ ಮಾಡತೊಡಗಿದರು. ಇದು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಫಲಿಸಿತು.

ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಇಡೀ ಬೀರು ತೆರೆದಿಟ್ಟರೆ ಮಕ್ಕಳು ಎಲ್ಲಕ್ಕಿಂತ ತೆಳ್ಳಗಿನದನ್ನು ಎತ್ತುತ್ತಾರೆ, ಇಲ್ಲವೇ ಗೆಳತಿ ಎತ್ತಿದ್ದನ್ನು. ಈಗ ಮೇಜಿನ ಮೇಲೆ ಏಳೆಂಟನ್ನಷ್ಟೇ ಇಡುತ್ತೇನೆ. ಪ್ರತಿಯೊಂದರ ಕಥೆಯನ್ನು ಎರಡು ನಿಮಿಷ ಹೇಳಿ ನಿಲ್ಲಿಸುತ್ತೇನೆ. ಎಲ್ಲಿ ನಿಲ್ಲಿಸಬೇಕೆಂಬುದೇ ಇದರ ಕೀಲಿಕೈ, ಅದನ್ನು ಇಲ್ಲಿ ಬರೆಯುವುದಿಲ್ಲ. ಒಂದೆರಡು ವರ್ಷ ಮಾಡಿದವರಿಗೆ ತಾನಾಗಿ ಕೈಗೆ ಬರುತ್ತದೆ. ಹತ್ತು ಪುಟ ಓದಿ ಬೇಸರವಾದರೆ ಬಿಡಬಹುದು. ಸಾರಾಂಶ ಬರೆಯುವುದು ಬೇಡ. ಸಾರಾಂಶ ಕೇಳಿದಾಗಲೆಲ್ಲ ಗೈಡಿನ ಭಾಷೆಯೇ ನೋಟ್‌ಬುಕ್ಕಿಗೆ ಇಳಿಯುತ್ತಿತ್ತು. ಬದಲಿಗೆ ಪಾತ್ರವೊಂದಕ್ಕೆ ಕೇಳಬೇಕೆನಿಸುವ ಒಂದು ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಸಾಕು. ವಾರಕ್ಕೊಂದು ಅವಧಿ ಇದಕ್ಕೇ ಮೀಸಲು. ಮುಖ್ಯೋಪಾಧ್ಯಾಯರು ಪಠ್ಯ ಮುಗಿಯುವುದಿಲ್ಲ ಎಂದು ಆತಂಕಪಟ್ಟಾಗ, ರೂಪಣಾತ್ಮಕ ಮೌಲ್ಯಮಾಪನದ (ಕಲಿಕೆಯ ನಡುವೆಯೇ ತರಗತಿಯಲ್ಲಿ ಮಾಡುವ ಮೌಲ್ಯಮಾಪನ) ಚಟುವಟಿಕೆಗಳಾಗಿ ಇವನ್ನೇ ದಾಖಲಿಸಿ ತೋರಿಸಿದೆ. ಆಮೇಲೆ ಅವರು ಅಡ್ಡ ಬರಲಿಲ್ಲ.

ಎಲ್ಲಕ್ಕಿಂತ ಆಳಕ್ಕೆ ಇಳಿದದ್ದು ಸಿದ್ಧಾರ್ಥ ಸರ್ಮಾ ಅವರ 'ಇಯರ್ ಆಫ್ ದ ವೀಡ್ಸ್'. 2018ರಲ್ಲಿ ಬಂದ ಕಾದಂಬರಿ. ಒಡಿಶಾದ ಗೊಂಡ ಬುಡಕಟ್ಟಿನ ಹುಡುಗ ಕೊರೊಕ್, ಅವನ ತೋಟ, ಬಾಕ್ಸೈಟ್‌ಗಾಗಿ ಬೆಟ್ಟ ಅಗೆಯಲು ಬರುವವರು. ಒಂಬತ್ತನೇ ತರಗತಿಗೆ ಇದು ಕಷ್ಟವೇ. ಇದ್ದದ್ದು ಒಂದೇ ಪ್ರತಿ, ಆದ್ದರಿಂದ ನಾನೇ ದಿನಕ್ಕೆ ಕೆಲವು ಪುಟ ಗಟ್ಟಿಯಾಗಿ ಓದಿದೆ. ನಮ್ಮ ತಾಲ್ಲೂಕಿನ ತಿರುಮಣಿ ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಪಾರ್ಕ್ ಇದೆ. ರೈತರ ಜಮೀನನ್ನು ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಮಕ್ಕಳಿಗೆ ಬಾಯಿಪಾಠ. ಜಮೀನು ಕೊಟ್ಟವರ ಮಗ, ಕಡಲೆಕಾಯಿ ಹೊಲದ ಕೂಲಿ ಕಳೆದುಕೊಂಡವರ ಮಗಳು ಒಂದೇ ಬೆಂಚಿನ ಸಾಲಿನಲ್ಲಿದ್ದರು. ಬಾಡಿಗೆ ಹೊಲದ ಒಡೆಯನಿಗಾಯಿತು, ಕೂಲಿಯವರಿಗೆ ಏನು ಸಿಕ್ಕಿತು ಎಂದು ಅವಳು ಎದ್ದು ಕೇಳಿದಳು. ಆಮೇಲೆ ನಡೆದ ವಾದ ಮುಕ್ಕಾಲು ಪಾಲು ತೆಲುಗಿನಲ್ಲೇ ಇತ್ತು. ನಾನು ತಡೆಯಲಿಲ್ಲ. ಮರುದಿನ ಅದೇ ವಾದವನ್ನು ಇಂಗ್ಲಿಷಿನಲ್ಲಿ ಬರೆದು ತನ್ನಿ ಎಂದೆ. ಎಂದೂ ನಾಲ್ಕು ಸಾಲು ದಾಟದವರು ಒಂದು ಪುಟ ಬರೆದು ತಂದರು. ಕ್ರಿಯಾಪದ ತಪ್ಪಿದ್ದವು, ಮಾತು ಮಾತ್ರ ಅವರದೇ ಆಗಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ನೋಟ್‌ಬುಕ್‌ಗಳನ್ನು ನಾನು ತಿದ್ದಿರಲಿಲ್ಲ.

'ಭೀಮಾಯನ'ದ ಕಥೆಯೇ ಬೇರೆ. ಅಂಬೇಡ್ಕರರ ಬದುಕನ್ನು ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಗೊಂಡ ಶೈಲಿಯಲ್ಲಿ ಚಿತ್ರಿಸಿದ ಪುಸ್ತಕ. ಇಂಗ್ಲಿಷ್ ಬಾರದವರೂ ಚಿತ್ರ ಹಿಡಿದು ಒಳಗೆ ಹೋಗುತ್ತಾರೆ. ಶಾಲೆಯಲ್ಲಿ ಬಾಲಕನಿಗೆ ನೀರು ಸಿಗದ ಭಾಗಕ್ಕೆ ಬಂದಾಗ ತರಗತಿಯಲ್ಲಿ ಯಾರೂ ಪುಟ ಮಗುಚಲಿಲ್ಲ. ಊರಿನ ಕೆಲವರು ಬಂದು ಇದೆಲ್ಲ ಪಠ್ಯದಲ್ಲಿದೆಯೇ ಎಂದು ವಿಚಾರಿಸಿದರು. ಪುಸ್ತಕವನ್ನು ಅವರ ಕೈಗೇ ಕೊಟ್ಟು ಕೂರಿಸಿದೆ.

ಮೊಬೈಲಿನಲ್ಲಿ ಕಥೆಯ ಧ್ವನಿ ಕೇಳಿಸುವ ಪ್ರಯೋಗ ನಡೆಯಲಿಲ್ಲ, ಸಂಜೆ ಫೋನು ಅಪ್ಪನ ಕೈಯಲ್ಲಿರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಒಂದು ಕಪಾಟು ಕೇಳಿ ಪಡೆದದ್ದು ಮಾತ್ರ ಉಪಯೋಗಕ್ಕೆ ಬಂತು. ರಜೆಯಲ್ಲೂ ಪುಸ್ತಕ ಓಡಾಡುತ್ತದೆ.

ಎಸ್‌ಎಸ್‌ಎಲ್‌ಸಿ ಫಲಿತಾಂಶ ಕೆಡುತ್ತದೆ ಎಂದಿದ್ದವರಿಗೆ ಉತ್ತರ: ಕೆಡಲಿಲ್ಲ. ಇಂಗ್ಲಿಷಿನಲ್ಲಿ ನಪಾಸಾಗುವವರು ಮೊದಲಿನ ಅರ್ಧಕ್ಕೆ ಇಳಿದಿರಬೇಕು, ಪತ್ರ ಮತ್ತು ಪ್ರಬಂಧದಲ್ಲಿ ಖಾಲಿ ಬಿಡುವವರಂತೂ ಇಲ್ಲವೇ ಇಲ್ಲ. ವರ್ಷಕ್ಕೆ ಮೂರು ಸಾವಿರದಷ್ಟು ಖರ್ಚು, ಕಾಲು ಭಾಗ ಪುಸ್ತಕ ವಾಪಸು ಬರುವುದಿಲ್ಲ. ಜೂನ್‌ನ ಖರೀದಿ ಪಟ್ಟಿಯನ್ನು ಈ ಸಲ ಮಕ್ಕಳೇ ಮಾಡಿದ್ದಾರೆ: ಕಬಡ್ಡಿ ಆಡುವ ಹುಡುಗಿಯ ಕಥೆ, ದೆವ್ವದ ಕಥೆ, ತಾಂಡಾದ ಬದುಕಿನ ಕಥೆ. ಮೊದಲೆರಡನ್ನು ಹುಡುಕಿಕೊಳ್ಳುತ್ತೇನೆ. ಮೂರನೆಯದು ಸರಳ ಇಂಗ್ಲಿಷಿನಲ್ಲಿ ನಿಮ್ಮಲ್ಲಿ ಯಾರಿಗಾದರೂ ಸಿಕ್ಕಿದ್ದರೆ ದಯವಿಟ್ಟು ಹೆಸರು ತಿಳಿಸಿ, ಶಾಲೆ ತೆರೆಯುವುದರೊಳಗೆ ತರಿಸಬೇಕು.