ಗಾರೆ ಒಣಗುವ ಮುನ್ನ

ಹಿರಿಯೂರಿನಿಂದ ಮಂಗಳೂರಿನ ಸಂತ ಅಲೋಶಿಯಸ್‌ಗೆ ಎಂ.ಎಸ್ಸಿ. ಓದಲು ಹೊರಟಾಗ ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ: "ಪಾದ್ರಿಗಳ ಕಾಲೇಜು ಅಂತೀಯ, ವಿಭೂತಿ ಹಚ್ಚಿಕೊಳ್ಳಲು ಬಿಡುತ್ತಾರೇನಪ್ಪ?"

ಬಿಟ್ಟರು. ಎರಡು ವರ್ಷದಲ್ಲಿ ನನ್ನ ಹಣೆಯ ಬಗ್ಗೆ ಯಾರೂ ಮಾತೆತ್ತಲಿಲ್ಲ. 1880ರಲ್ಲಿ ಯೇಸುಸಭೆಯ ಪಾದ್ರಿಗಳು ಕಟ್ಟಿದ ಆ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯವಾದದ್ದು 2024ರಲ್ಲಿ. ನಾನು ಸೇರಿದ್ದೂ ಆ ವರ್ಷವೇ. ಕಷ್ಟ ಕೊಟ್ಟವು ಬೇರೆಯವು: ಬಾವುಟಗುಡ್ಡೆಯ ಏರು, ಕೊಡೆಗೂ ಬಗ್ಗದ ಮಳೆ, ಕುಚ್ಚಲಕ್ಕಿ ಅನ್ನ, ಎಲ್ಲಕ್ಕಿಂತ ಹೆಚ್ಚಾಗಿ ಇಂಗ್ಲಿಷ್.

ಪದವಿಯಲ್ಲಿ ಮೇಷ್ಟ್ರು ಕನ್ನಡದಲ್ಲಿ ವಿವರಿಸುತ್ತಿದ್ದರು, ನಾವು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿ ಬರೆಯುತ್ತಿದ್ದೆವು. ಇಲ್ಲಿ ಆ ಸೇತುವೆಯೇ ಇರಲಿಲ್ಲ. ಮೊದಲ ಆಂತರಿಕ ಪರೀಕ್ಷೆಯಲ್ಲಿ ಸಾವಯವ ರಸಾಯನಶಾಸ್ತ್ರಕ್ಕೆ ಅರ್ಧದಷ್ಟು ಅಂಕವೂ ಬರಲಿಲ್ಲ. ತಪ್ಪು ನನ್ನದೇ. ವಾರಗಟ್ಟಲೆ ಪಾಠ ಗುಡ್ಡೆ ಹಾಕಿಕೊಂಡು ಪರೀಕ್ಷೆಯ ಹಿಂದಿನ ರಾತ್ರಿ ಕೂತಿದ್ದೆ.

ಆ ಸಂಜೆ ಸುಮ್ಮನೆ ಕಾಲೇಜಿನ ಪ್ರಾರ್ಥನಾ ಮಂದಿರವಾದ ಚಾಪೆಲ್‌ಗೆ ಹೋದೆ. ಇಟಲಿಯ ಅಂತೋನಿಯೊ ಮೊಸ್ಕೇನಿ 1900ರ ಆಸುಪಾಸಿನಲ್ಲಿ ಅದರ ಗೋಡೆ, ಛಾವಣಿಗಳನ್ನೆಲ್ಲ ಚಿತ್ರದಿಂದ ತುಂಬಿಸಿದ್ದಾರೆ. ಛಾವಣಿಯವು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳು. ಗೋಡೆಯವು ಹಸಿ ಗಾರೆಯ ಮೇಲೆ ಬರೆದವು. ಅಲ್ಲಿದ್ದ ಹಿರಿಯ ಫಾದರ್ ಒಬ್ಬರು, ನಾನು ರಸಾಯನಶಾಸ್ತ್ರದವನೆಂದು ತಿಳಿದು, "ಬಣ್ಣ ಯಾಕೆ ಉದುರುವುದಿಲ್ಲ, ಹೇಳು ನೋಡೋಣ" ಎಂದರು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಬಣ್ಣ ಆ ಕಲ್ಲಿನೊಳಗೇ ಸೆರೆಯಾಗುತ್ತದೆ ಎಂದೆ. ಕನ್ನಡದಲ್ಲಿ ಎಷ್ಟು ಸಲೀಸಾಗಿ ಬಂತು! "ಅದಕ್ಕೇ ಒಂದು ದಿನದಲ್ಲಿ ಬರೆದು ಮುಗಿಸುವಷ್ಟೇ ಗಾರೆ ಬಳಿಯುತ್ತಿದ್ದರು" ಎಂದು ಸೇರಿಸಿ ಅವರು ಹೊರಟುಹೋದರು.

ನಾನು ಆ ಲೆಕ್ಕವನ್ನೇ ಹಿಡಿದೆ. ಅಂದಿನ ಪಾಠ ಅಂದೇ, ಮಲಗುವ ಮುನ್ನ, ಕನ್ನಡದಲ್ಲಿ ಒಂದು ಪುಟ. ಪುಸ್ತಕದ ಕನ್ನಡವಲ್ಲ, ತಮ್ಮನಿಗೆ ಹೇಳುವಂಥದ್ದು. ಅಣುವಿನ ಒಂದು ಭಾಗ ಹೋಗಿ ಆ ಜಾಗಕ್ಕೆ ಇನ್ನೊಂದು ಬರುವ ಕ್ರಿಯೆಯಲ್ಲಿ ಎಸ್‌ಎನ್1, ಎಸ್‌ಎನ್2 ಎಂದು ಎರಡು ಬಗೆ. ಎಸ್‌ಎನ್1 ಎಂದರೆ ಬಸ್ಸಿನಲ್ಲಿ ಕೂತವನು ತಾನಾಗಿ ಎದ್ದು ಹೋದ ಮೇಲೆ ಹೊಸಬ ಆ ಸೀಟಿಗೆ ಬರುವುದು. ಎಸ್‌ಎನ್2 ಎಂದರೆ ಹೊಸಬ ಹಿಂದಿನಿಂದ ತಳ್ಳುತ್ತಿದ್ದಂತೆಯೇ ಹಳಬ ಮುಂದಿನಿಂದ ಇಳಿಯುವುದು. (ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಎರಡನೆಯದೇ ಹೆಚ್ಚು.) ಬೆಳಿಗ್ಗೆ ಎದ್ದು, ಆ ಪುಟವನ್ನು ಮುಚ್ಚಿಟ್ಟು, ಅದನ್ನೇ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ. ಸಿಕ್ಕಿಕೊಂಡ ಕಡೆ ಮಾತ್ರ ಪಠ್ಯಪುಸ್ತಕ ತೆರೆಯುತ್ತಿದ್ದೆ. ಒಂದು ದಿನ ತಪ್ಪಿದರೆ ಆ ಪುಟವನ್ನು ಖಾಲಿ ಬಿಡುತ್ತಿದ್ದೆ, ಮರುದಿನ ಎರಡು ಬರೆಯುತ್ತಿರಲಿಲ್ಲ. ಇದು ಕೆಲವರಿಗೆ ಮೂರ್ಖತನ ಅನ್ನಿಸಬಹುದು. ಆದರೆ ಬಾಕಿ ಬೆಳೆಯತೊಡಗಿದರೆ ನನ್ನಂಥವನು ಪುಸ್ತಕವನ್ನೇ ಕೈಬಿಡುತ್ತಾನೆ.

ಮೊದಲ ತಿಂಗಳು ಇಂಗ್ಲಿಷ್ ಪುಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು, ಮೂರನೆಯ ಸೆಮಿಸ್ಟರಿನ ಹೊತ್ತಿಗೆ ಇಪ್ಪತ್ತು ನಿಮಿಷ. ಅಂಕಗಳೂ ಸುಧಾರಿಸಿದವು. ಸೆಮಿನಾರಿನಲ್ಲಿ ಮಾತ್ರ ನಾಲಿಗೆ ಕೊನೆಯವರೆಗೂ ತೊದಲಿತು. ಬರೆದು ಕಲಿತದ್ದು ಬಾಯಿಗೆ ಬರಬೇಕಾದರೆ ಬಾಯಲ್ಲೇ ಕಲಿಯಬೇಕಿತ್ತು.

ತುಳುವಿನ ಕಥೆಯೂ ಅದೇ. ಪ್ರಯೋಗಾಲಯದ ಗೆಳೆಯರು ನನ್ನನ್ನು 'ಘಟ್ಟದವ' ಎಂದು ಛೇಡಿಸುತ್ತಲೇ ಕಲಿಸಿದರು. ಕಂಡಕ್ಟರ್ ಕೇಳಿದ್ದು ಈಗ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿರಿಯೂರು ಕನ್ನಡದಲ್ಲೇ ಹೊರಡುತ್ತದೆ.