ಆರ್.ಆರ್. ಸಂಖ್ಯೆ ಕೇಳಿದ ಪ್ರಶ್ನೆ: ನನ್ನ ಅನುಭವ

ಬಯಲುಸೀಮೆಯ ಒಂದು ಕ್ಷೇತ್ರದ ಶಾಸಕರ ಬಳಿ ಆಪ್ತ ಸಹಾಯಕನಾಗಿ ಸೇರಿ ನನಗೆ ಹನ್ನೆರಡು ವರ್ಷಗಳಾದವು. ಈ ಅವಧಿಯಲ್ಲಿ ವಿಧಾನಸಭೆಗೆಂದು ನಾನು ಬರೆದುಕೊಟ್ಟ ಪ್ರಶ್ನೆಗಳು ಅಂದಾಜು ಎಂಟುನೂರರಿಂದ ಒಂಬೈನೂರು ಇರಬಹುದು. ಅವುಗಳಲ್ಲಿ ಸಚಿವರ ಉತ್ತರದಿಂದಾಚೆಗೆ ದಾಟಿ ಒಬ್ಬ ರೈತನ ಹೊಲದವರೆಗೆ ತಲುಪಿದವು ಬೆರಳೆಣಿಕೆಯಷ್ಟು. ಹಾಗೆ ತಲುಪಿದ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಶಾಸಕರ ಭವನದಲ್ಲಿ ನನ್ನಂತೆಯೇ ಕೆಲಸ ಮಾಡುವ ಹಲವರು, ಪ್ರಶ್ನೆಯಿಂದ ಕೆಲಸವಾಗುತ್ತದೆ ಎಂಬುದನ್ನು ಮೊದಲಿನಿಂದಲೂ ನಂಬಿರಲಿಲ್ಲ. ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದದ್ದು) ಸುದ್ದಿಯಾಗುವುದಕ್ಕೆ ಮಾತ್ರ, ಕೆಲಸವಾಗಬೇಕಾದರೆ ಸಚಿವರ ಕಚೇರಿಗೆ ಪತ್ರ ಹಿಡಿದುಕೊಂಡು ಅಲೆಯಬೇಕು ಎಂಬುದು ಅವರ ವಾದವಾಗಿತ್ತು. ಜೀವ ವಿಮಾ ನಿಗಮದ ಹಣ ಉದ್ಯಮಿ ಮುಂದ್ರಾ ಅವರ ಕಂಪನಿಗಳ ಷೇರಿಗೆ ಹೋದದ್ದನ್ನು ಫಿರೋಜ್ ಗಾಂಧಿಯವರು 1957ರಲ್ಲಿ ಲೋಕಸಭೆಯಲ್ಲಿ ಕೆದಕಿದ ಮೇಲೆ, ನ್ಯಾಯಮೂರ್ತಿ ಛಾಗ್ಲಾ ಅವರ ನೇತೃತ್ವದಲ್ಲಿ ವಿಚಾರಣೆ ನಡೆದು 1958ರಲ್ಲಿ ಹಣಕಾಸು ಸಚಿವರೇ ರಾಜೀನಾಮೆ ಕೊಡಬೇಕಾಯಿತೆಂದು ನಾನು ನೆನಪಿಸಿದರೆ, ಆ ಕಾಲವೇ ಬೇರೆ ಎನ್ನುತ್ತಿದ್ದರು.

ವಿಷಯ ಗಂಗಾ ಕಲ್ಯಾಣ ಯೋಜನೆಯ ಕೊಳವೆ ಬಾವಿಗಳದು. ಸಣ್ಣ ರೈತರ ಹೊಲದಲ್ಲಿ ಸರ್ಕಾರದ ನೆರವಿನಿಂದ ಕೊಳವೆ ಬಾವಿ ಕೊರೆದು, ಪಂಪು ಮತ್ತು ಕರೆಂಟು ಕೊಡುವ ಯೋಜನೆ ಇದು. ಬಾವಿ ಕೊರೆಯುವುದು ಒಬ್ಬರ ಕೆಲಸ, ಪಂಪು ಇಳಿಸುವುದು ಇನ್ನೊಬ್ಬರದು, ಕಂಬ ನೆಟ್ಟು ಕರೆಂಟು ಕೊಡುವುದು ಮತ್ತೊಬ್ಬರದು. ಇವುಗಳ ನಡುವೆ ಫಲಾನುಭವಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ ಎಂಬುದು ಹಳ್ಳಿಯ ಕ್ಷೇತ್ರದಲ್ಲಿ ಕೆಲಸ ಮಾಡಿದ ಎಲ್ಲರಿಗೂ ಗೊತ್ತು. ಬಾವಿಯಲ್ಲಿ ನೀರು ಬಿದ್ದು ಎರಡು ಮೂರು ವರ್ಷಗಳಾದರೂ ಕರೆಂಟು ಬಂದಿಲ್ಲವೆಂಬ ದೂರು ಪ್ರತಿ ಸೋಮವಾರ ನಮ್ಮ ಕಚೇರಿಗೆ ಬರುತ್ತಿತ್ತು.

ಮೊದಲ ನಾಲ್ಕು ವರ್ಷ ಎಲ್ಲರಂತೆಯೇ ನಾನೂ ಬರೆದೆ. ‘(ಅ) ಗಂಗಾ ಕಲ್ಯಾಣ ಯೋಜನೆಯ ಕೊಳವೆ ಬಾವಿಗಳಿಗೆ ವಿದ್ಯುತ್ ಸಂಪರ್ಕ ನೀಡುವಲ್ಲಿ ವಿಳಂಬವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ, (ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮಗಳೇನು, (ಸಂಪೂರ್ಣ ವಿವರ ನೀಡುವುದು).’ ಉತ್ತರದ ಕಾಲಂನಲ್ಲಿ ಮೊದಲನೆಯದಕ್ಕೆ ‘ಬಂದಿದೆ’ ಎಂದೂ, ಎರಡನೆಯದಕ್ಕೆ ‘ಹಂತ ಹಂತವಾಗಿ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂದೂ ಬರುತ್ತಿತ್ತು. ಒಂದು ಬಾರಿ ‘ಬಂದಿರುವುದಿಲ್ಲ’ ಎಂದು ಬಂದು, ಅದರ ಕೆಳಗೆ ‘ಉದ್ಭವಿಸುವುದಿಲ್ಲ’ ಎಂದಿತ್ತು. ಆ ದಿನ ಕಚೇರಿಯ ಮುಂದೆ ಇಪ್ಪತ್ತು ಮಂದಿ ಅರ್ಜಿ ಹಿಡಿದು ಕುಳಿತಿದ್ದರು. ಗಮನಕ್ಕೆ ಬಂದಿದೆಯೇ ಎಂದು ಕೇಳಿದವನಿಗೆ ಗಮನದ ಬಗ್ಗೆ ಮಾತ್ರ ಉತ್ತರ ಸಿಗುತ್ತದೆ ಎಂಬುದು ನನಗೆ ತಡವಾಗಿ ಅರ್ಥವಾಯಿತು.

ಎರಡನೆಯ ಸೋಲು ಇದಕ್ಕಿಂತ ದೊಡ್ಡದು. ಕೋಪದಲ್ಲಿ ಒಂಬತ್ತು ಭಾಗಗಳ ಪ್ರಶ್ನೆಯೊಂದನ್ನು ಬರೆದು, ಇಡೀ ರಾಜ್ಯದ ಐದು ವರ್ಷಗಳ ವಿವರವನ್ನು ಕ್ಷೇತ್ರವಾರು ಕೇಳಿದೆ. ಒಂದು ಅಧಿವೇಶನ ಪೂರ್ತಿ ‘ಮಾಹಿತಿಯನ್ನು ಸಂಗ್ರಹಿಸಲಾಗುತ್ತಿದೆ’ ಎಂದರು. ಮುಂದಿನ ಬಾರಿ ಅನುಬಂಧವೆಂದು ಸುಮಾರು ಮುನ್ನೂರೈವತ್ತು ಪುಟ ಬಂದವು. ಅದರಲ್ಲಿ ಎಲ್ಲ ಸಂಖ್ಯೆಗಳೂ ಇದ್ದವು, ಒಂದೇ ಒಂದು ಬಾವಿಯನ್ನು ಗುರುತಿಸಿ ಹೋಗಿ ನೋಡುವಂತಿರಲಿಲ್ಲ. ನಾನು ಮತ್ತು ನಮ್ಮ ಟೈಪಿಸ್ಟ್ ಎಂಟು ದಿನ ಕುಳಿತು ಅದನ್ನು ಓದಿ ಏನೂ ಸಿಗದೆ ಕಟ್ಟಿಟ್ಟೆವು. ಮೂರನೆಯ ಬಾರಿ ಪ್ರಶ್ನೆ ಚೆನ್ನಾಗಿಯೇ ಇತ್ತು, ಆದರೆ ಸದನದಲ್ಲಿ ಉತ್ತರಿಸಬೇಕಾದ ಪ್ರಶ್ನೆಗಳನ್ನು ಆರಿಸುವ ಲಾಟರಿಯಲ್ಲಿ ಆ ದಿನದ ಹದಿನೈದರ ಪಟ್ಟಿಗೆ ಬರಲಿಲ್ಲ. ನಾಲ್ಕನೆಯ ಬಾರಿ ಪಟ್ಟಿಯಲ್ಲಿ ಆರನೆಯದಾಗಿ ಬಂತು, ಆದರೆ ಬೇರೊಂದು ವಿಷಯಕ್ಕೆ ಸದಸ್ಯರು ಸಭಾಧ್ಯಕ್ಷರ ಪೀಠದ ಮುಂದೆ ಧರಣಿ ಕುಳಿತಿದ್ದರಿಂದ ಪ್ರಶ್ನೋತ್ತರ ಅವಧಿಯೇ ನಡೆಯಲಿಲ್ಲ. ಪ್ರಶ್ನೋತ್ತರ ಅವಧಿ ಹಾಳಾದಾಗ ನಷ್ಟವಾಗುವುದು ಆಡಳಿತ ಪಕ್ಷಕ್ಕಲ್ಲ ಎಂಬ ನನ್ನ ಅಭಿಪ್ರಾಯವನ್ನು ನಮ್ಮ ಶಾಸಕರು ಈಗಲೂ ಒಪ್ಪುವುದಿಲ್ಲ, ಆದರೂ ನಾನು ಅದನ್ನು ಬಿಟ್ಟಿಲ್ಲ.

ಆಮೇಲೆ ಒಂದು ಬೇಸಿಗೆಯಲ್ಲಿ ಗಡಿಯ ಹಳ್ಳಿಯೊಂದಕ್ಕೆ ಸಾವಿನ ಮನೆಗೆಂದು ಹೋದಾಗ ಅಲ್ಲಿನ ಒಬ್ಬ ಅಜ್ಜಿ ನನ್ನನ್ನು ಹೊಲಕ್ಕೆ ಕರೆದುಕೊಂಡು ಹೋದರು. ಕೇಸಿಂಗ್ ಪೈಪಿನ ಬಾಯಿಗೆ ಗೋಣಿಚೀಲ ತುರುಕಿ, ಮೇಲೆ ಚಪ್ಪಡಿಕಲ್ಲು ಹೇರಿ, ಮಕ್ಕಳು ಹತ್ತಿರ ಹೋಗದಂತೆ ಸುತ್ತ ಜಾಲಿಮುಳ್ಳು ಒಟ್ಟಿದ್ದರು. ‘ನೀರು ಬಿದ್ದ ದಿನ ಕಾಯಿ ಒಡೆದಿದ್ದೆ ಸ್ವಾಮಿ. ಕರೆಂಟು ಬಂದಾಗ ಒಡೆಯೋಣ ಅಂತ ಇನ್ನೊಂದು ಕಾಯಿ ತೆಗೆದಿಟ್ಟಿದ್ದೆ, ಅದು ಕೊಬ್ಬರಿಯಾಗಿ ಹೋಯ್ತು’ ಎಂದರು. ವಾಪಸು ಬಂದು ಆ ಮುನ್ನೂರೈವತ್ತು ಪುಟದ ಕಟ್ಟನ್ನು ಮತ್ತೆ ಬಿಚ್ಚಿ ನೋಡಿದೆ. ಆ ಗ್ರಾಮ ಪಂಚಾಯಿತಿಯ ಎದುರು ಬಾಕಿ ಸೊನ್ನೆ ಎಂದಿತ್ತು. ಅಂದರೆ ಕೊಬ್ಬರಿಯಾದ ಕಾಯಿಯ ಆ ಬಾವಿಗೂ ಸರ್ಕಾರದ ಲೆಕ್ಕದಲ್ಲಿ ಕರೆಂಟು ಬಂದು ಮುಗಿದಿತ್ತು.

ಇದು ಹೇಗೆ ಸಾಧ್ಯ ಎಂದು ಯೋಚಿಸುತ್ತ ಹೋದಾಗ ದಾರಿ ಸಿಕ್ಕಿತು. ಹತ್ತು ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ನಮ್ಮಲ್ಲಿ ವಿದ್ಯುತ್ ಉಚಿತ. ಬಿಲ್ಲಿನ ಹಣವನ್ನು ಸರ್ಕಾರವೇ ಸಹಾಯಧನವಾಗಿ ಕಟ್ಟುವುದರಿಂದ ರೈತನ ಕೈಗೆ ತಿಂಗಳ ಬಿಲ್ಲು ಬಂದು ನಿಲ್ಲುವುದಿಲ್ಲ. ಮನೆಗೆ ಸಂಪರ್ಕ ಕೊಡದೆ ಕೊಟ್ಟಿದ್ದೇವೆಂದು ಬರೆದುಕೊಂಡರೆ ಬಿಲ್ಲು ಬಂದಾಗಲಾದರೂ ಜಗಳವಾಗುತ್ತದೆ, ಹೊಲದ ಪಂಪಿಗೆ ಹಾಗೆ ಬರೆದುಕೊಂಡರೆ ಕೇಳುವವರೇ ಇಲ್ಲ. ಆದರೆ ಸಂಪರ್ಕ ನಿಜವಾಗಿ ಕೊಟ್ಟಿದ್ದರೆ ಅದಕ್ಕೊಂದು ಆರ್.ಆರ್. ಸಂಖ್ಯೆ, ಅಂದರೆ ಪ್ರತಿ ವಿದ್ಯುತ್ ಸಂಪರ್ಕಕ್ಕೂ ಕೊಡುವ ಗುರುತಿನ ಸಂಖ್ಯೆ, ಇರಲೇಬೇಕು. ಆದ್ದರಿಂದ ‘ಎಷ್ಟು ಬಾವಿಗೆ ಸಂಪರ್ಕ ಕೊಟ್ಟಿದ್ದೀರಿ’ ಎಂದು ಕೇಳುವುದನ್ನು ಅಂದಿಗೇ ನಿಲ್ಲಿಸಿದೆ.

ಮುಂದಿನ ಅಧಿವೇಶನಕ್ಕೆ ಎರಡು ಪ್ರಶ್ನೆ ಸಿದ್ಧಪಡಿಸಿದೆ, ಎರಡೂ ಚುಕ್ಕೆ ಗುರುತಿಲ್ಲದವು. ಲಾಟರಿಯ ಹಂಗಿಲ್ಲದೆ ಲಿಖಿತ ಉತ್ತರ ಬರಲೆಂಬುದು ಒಂದು ಉದ್ದೇಶ, ಯಾರ ಕಣ್ಣಿಗೂ ಬೀಳಬಾರದೆಂಬುದು ಇನ್ನೊಂದು. ಇಂಧನ ಇಲಾಖೆಗೆ ಕೇಳಿದ್ದರಲ್ಲಿ ಯೋಜನೆಯ ವಿಳಂಬದ ಮಾತೇ ಇರಲಿಲ್ಲ. ನಮ್ಮ ತಾಲ್ಲೂಕಿನಲ್ಲಿ ಐದು ವರ್ಷಗಳಲ್ಲಿ ಹೊಸದಾಗಿ ಕೊಟ್ಟ ನೀರಾವರಿ ಪಂಪ್‌ಸೆಟ್ ಸಂಪರ್ಕಗಳ ಆರ್.ಆರ್. ಸಂಖ್ಯೆ, ಗ್ರಾಮ, ಸರ್ವೆ ನಂಬರು, ಸಂಪರ್ಕ ಕೊಟ್ಟ ದಿನಾಂಕ ಇಷ್ಟನ್ನೇ ಕೇಳಿದ್ದೆ. ಯೋಜನೆ ನಡೆಸುವ ನಿಗಮವೊಂದಕ್ಕೆ ಸಂಬಂಧಿಸಿದ ಸಚಿವರಿಗೆ ಕೇಳಿದ್ದರಲ್ಲಿ ಅದೇ ತಾಲ್ಲೂಕಿನ, ಅದೇ ಐದು ವರ್ಷಗಳ ಫಲಾನುಭವಿಗಳ ಪಟ್ಟಿಯನ್ನು ಅದೇ ನಾಲ್ಕು ಕಾಲಂಗಳಲ್ಲಿ ಕೇಳಿದ್ದೆ. ಉತ್ತರದ ದಿನಕ್ಕೆಂದು ಮಾಡಿದ ಇಲಾಖೆಗಳ ಗುಂಪು ಬೇರೆ ಬೇರೆಯಾದ್ದರಿಂದ ಉತ್ತರ ಎರಡು ಬೇರೆ ದಿನ ಬರುತ್ತದೆ, ಅವರಿವರು ಮಾತನಾಡಿಕೊಂಡು ಪಟ್ಟಿ ಹೊಂದಿಸಿಬಿಡಬಹುದು ಎಂದು ಗೆಳೆಯರೊಬ್ಬರು ಎಚ್ಚರಿಸಿದ್ದರು. ಹಾಗಾಗದಂತೆ ಸೂಚನಾ ಪತ್ರಗಳನ್ನು ಯಾವ ಕ್ರಮದಲ್ಲಿ, ಎಷ್ಟು ದಿನಗಳ ಅಂತರದಲ್ಲಿ ಕೊಟ್ಟೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದನ್ನು ಇನ್ನೂ ಬಳಸುತ್ತಿದ್ದೇನೆ.

ಎರಡು ಪಟ್ಟಿಗಳೂ ಬಂದವು. ನೆನಪಿನಿಂದ ಹೇಳುವುದಾದರೆ ನಿಗಮದ ಪಟ್ಟಿಯಲ್ಲಿ ನೀರು ಬಿದ್ದ ಬಾವಿಗಳು ಇನ್ನೂರ ಹತ್ತರ ಆಸುಪಾಸು, ಅವುಗಳಲ್ಲಿ ಸಂಪರ್ಕ ಕಲ್ಪಿಸಲಾಗಿದೆ ಎಂದದ್ದು ನೂರ ಅರವತ್ತು ಚಿಲ್ಲರೆ. ಅವನ್ನು ಇಂಧನ ಇಲಾಖೆಯ ಪಟ್ಟಿಯ ಜೊತೆ ತಾಳೆ ಹಾಕಿದಾಗ ನೂರ ಐದೋ ಆರೋ ಮಾತ್ರ ಕೂಡಿಬಂದವು. ಉಳಿದವುಗಳಲ್ಲಿ ಕೆಲವು ಕಡೆ ಆರ್.ಆರ್. ಕಾಲಂ ಖಾಲಿ, ಕೆಲವು ಕಡೆ ‘ಕ್ರಮ ವಹಿಸಲಾಗಿದೆ’, ಇನ್ನು ಒಂದೇ ಪುಟದಲ್ಲಿ ಮೂರು ಬೇರೆ ಬೇರೆ ಹೆಸರುಗಳ ಎದುರು ಒಂದೇ ಆರ್.ಆರ್. ಸಂಖ್ಯೆ. ಆ ಪುಟವನ್ನು ನಾನು ಇಂದಿಗೂ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಪಾಡಿಕೊಂಡಿದ್ದೇನೆ.

ಕಾಗದ ನಂಬಿ ಸದನದಲ್ಲಿ ಎದ್ದು ನಿಲ್ಲುವಂತಿಲ್ಲ. ಕೂಡಿಬಾರದ ಐವತ್ತನಾಲ್ಕೋ ಐವತ್ತೈದೋ ಹೊಲಗಳಿಗೂ ಹೋದೆವು. ನಾನು, ಒಬ್ಬ ನಿವೃತ್ತ ಲೈನ್‌ಮನ್, ಆಯಾ ಊರಿನ ಹುಡುಗರು, ಎಲ್ಲ ಬೈಕಿನಲ್ಲೇ, ಭಾನುವಾರಗಳಲ್ಲಿ. ಏಳೆಂಟು ಕಡೆ ಕರೆಂಟು ಬಂದಿತ್ತು, ಸಂಪರ್ಕ ಅಣ್ಣತಮ್ಮಂದಿರ ಹೆಸರಿನಲ್ಲಿದ್ದದ್ದರಿಂದ ತಾಳೆಯಾಗಿರಲಿಲ್ಲ. ಅವನ್ನು ಕೈಬಿಟ್ಟೆ. ಈ ಏಳೆಂಟನ್ನು ಬಿಡದೇ ಹೋಗಿದ್ದರೆ ಅದೊಂದನ್ನೇ ಹಿಡಿದು ಉಳಿದ ಎಲ್ಲವನ್ನೂ ಸುಳ್ಳೆನ್ನುತ್ತಿದ್ದರು. ಉಳಿದ ನಲವತ್ತೇಳು ಬಾವಿಗಳ ಫೋಟೋ ತೆಗೆದು, ಹಿಂದೆ ಸರ್ವೆ ನಂಬರು ಬರೆದು, ರೈತರಿಂದ ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿದೆವು.

ಖರ್ಚಿನ ವಿಷಯ ಹೇಳಲೇಬೇಕು, ಏಕೆಂದರೆ ಇದನ್ನು ಮಾಡಹೊರಟವರು ಇಲ್ಲಿಯೇ ನಿಲ್ಲುತ್ತಾರೆ. ಪೆಟ್ರೋಲು, ಜೆರಾಕ್ಸು, ಫೋಟೋ, ಲೈನ್‌ಮನ್ನರಿಗೆ ದಿನಗೂಲಿ, ಬೆಳಗಾವಿಯಲ್ಲಿ ಮೂರು ರಾತ್ರಿ ವಾಸ್ತವ್ಯ ಎಲ್ಲ ಸೇರಿ ಹದಿನೆಂಟು ಸಾವಿರದಷ್ಟಾಯಿತು. ಶಾಸಕರು ಹತ್ತು ಸಾವಿರ ಕೊಟ್ಟರು, ಮಿಕ್ಕದ್ದು ನನ್ನ ಜೇಬಿನಿಂದ ಹೋಯಿತು. ಇದರ ಮಧ್ಯೆ ಬೋರ್‌ವೆಲ್ ಗುತ್ತಿಗೆದಾರರೊಬ್ಬರು ಬಂದು, ತಮ್ಮ ಪ್ರತಿಸ್ಪರ್ಧಿಯ ಬಿಲ್ಲುಗಳ ಬಗ್ಗೆಯೂ ಒಂದು ಪ್ರಶ್ನೆ ಸೇರಿಸಿದರೆ ಇಡೀ ಖರ್ಚು ತಾವೇ ನೋಡಿಕೊಳ್ಳುವುದಾಗಿ ಹೇಳಿದರು. ಪ್ರಶ್ನೆ ಕೇಳಲು ಹಣ ಪಡೆದದ್ದಕ್ಕೆ 2005ರ ಡಿಸೆಂಬರಿನಲ್ಲಿ ಹನ್ನೊಂದು ಸಂಸದರು ಸದಸ್ಯತ್ವ ಕಳೆದುಕೊಂಡದ್ದನ್ನು ಅವರಿಗೆ ಹೇಳಿ, ಚಹಾ ಕೊಟ್ಟು ಕಳುಹಿಸಿದೆ. ಆ ಹದಿನೆಂಟು ಸಾವಿರದ ಎದುರಿಗೆ ಇಡಬೇಕಾದ ಲೆಕ್ಕ ಬೇರೆ ಇದೆ: ಒಂದೊಂದು ಬಾವಿಗೆ ಸರ್ಕಾರದ ಹಣ ಎರಡು ಲಕ್ಷಕ್ಕೂ ಮೀರಿ ನೆಲದೊಳಗೆ ಹೋಗಿತ್ತು, ಅಂಥ ನಲವತ್ತೇಳು ಬಾವಿಗಳು ಬಾಯಿಗೆ ಕಲ್ಲು ಹೊತ್ತು ನಿಂತಿದ್ದವು.

ಬೆಳಗಾವಿಯ ಸುವರ್ಣ ವಿಧಾನಸೌಧದ ಅಧಿವೇಶನಕ್ಕೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಇದನ್ನು ಕೊಟ್ಟೆವು, ಈ ಬಾರಿ ಎರಡೇ ಭಾಗ. ಲಾಟರಿಯಲ್ಲಿ ನಾಲ್ಕನೆಯ ಸ್ಥಾನ ಬಂತು. ಇನ್ನು ಉಳಿದದ್ದು ಉಪಪ್ರಶ್ನೆ. ಇದಕ್ಕೆ ನಮ್ಮವರು ಕೊಡಬೇಕಾದ ಬೆಲೆ ಕೊಡುವುದಿಲ್ಲವೆಂದು ನನಗೆ ಬಹಳ ಬೇಸರವಿದೆ. 1892ರ ಕಾಯ್ದೆಯಡಿ ಅಂದಿನ ಶಾಸನ ಪರಿಷತ್ತುಗಳಲ್ಲಿ ಪ್ರಶ್ನೆ ಕೇಳಬಹುದಿತ್ತು, ಆದರೆ ಕೊಟ್ಟ ಉತ್ತರದ ಮೇಲೆ ಮತ್ತೆ ಕೇಳುವಂತಿರಲಿಲ್ಲ. ಆ ಹಕ್ಕು ಬಂದದ್ದು 1909ರಲ್ಲಿ, ಅದೂ ಪ್ರಶ್ನೆ ಕೇಳಿದವರಿಗೆ ಮಾತ್ರ. ಅಷ್ಟು ವರ್ಷ ಕಾದು ಪಡೆದದ್ದನ್ನು ನಾವು ಭಾಷಣಕ್ಕೆ ಬಳಸಿ, ಸಭಾಧ್ಯಕ್ಷರಿಂದ ‘ಪ್ರಶ್ನೆ ಕೇಳಿ’ ಎನ್ನಿಸಿಕೊಂಡು ಕುಳಿತುಬಿಡುತ್ತೇವೆ. ನಮ್ಮ ಶಾಸಕರು ಒಳ್ಳೆಯ ಮಾತುಗಾರರು, ಆದ್ದರಿಂದಲೇ ನನಗೆ ಭಯವಿತ್ತು. ಹಿಂದಿನ ರಾತ್ರಿ ಅರ್ಧ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದು, ಇದರ ಹೊರಗೆ ಒಂದು ಪದವೂ ಬೇಡ ಸರ್ ಎಂದು ಕೈಮುಗಿದು ಕೇಳಿಕೊಂಡೆ.

ಸಚಿವರು ಉತ್ತರವನ್ನು ಮಂಡಿಸಲಾಗಿದೆ ಎಂದರು. ನಮ್ಮವರು ಎದ್ದು, ‘ಮಾನ್ಯ ಸಭಾಧ್ಯಕ್ಷರೇ, ಅನುಬಂಧದ 14, 31 ಮತ್ತು 58ನೆಯ ಸಾಲುಗಳಲ್ಲಿ ಒಂದೇ ಆರ್.ಆರ್. ಸಂಖ್ಯೆ ಇದೆ. ಮೂರು ಬೇರೆ ಊರುಗಳ ಮೂರು ಹೊಲಗಳಿಗೆ ಒಂದೇ ಸಂಪರ್ಕ ಹೇಗೆ ಕೊಟ್ಟರು?’ ಎಂದು ಕೇಳಿ ಕುಳಿತುಬಿಟ್ಟರು. ಅಧಿಕಾರಿಗಳ ಗ್ಯಾಲರಿಯಿಂದ ಚೀಟಿಗಳು ಓಡಾಡಿದವು. ಸಚಿವರು ಪರಿಶೀಲಿಸುತ್ತೇನೆ ಎಂದಾಗ ಎರಡನೆಯ ಉಪಪ್ರಶ್ನೆಯಾಗಿ, ಉಳಿದ ನಲವತ್ತನಾಲ್ಕರ ಪಟ್ಟಿಯನ್ನೂ ಕೊಡುತ್ತೇನೆ, ಎಷ್ಟು ದಿನಗಳಲ್ಲಿ ಸಂಪರ್ಕ ಕೊಡುತ್ತೀರಿ ಎಂದರು. ‘ಮೂರು ತಿಂಗಳು’ ಎಂದು ಸಚಿವರ ಬಾಯಿಂದ ಬಂತು. ನನಗೆ ಬೇಕಾದದ್ದು ಅಷ್ಟೇ. ದಿನ ಹೇಳಿದ ಮಾತು ಸದನದ ನಡವಳಿಯಲ್ಲಿ ದಾಖಲಾದರೆ ಅದು ಭರವಸೆ, ಅದನ್ನು ಸರ್ಕಾರಿ ಭರವಸೆಗಳ ಸಮಿತಿಯ ಮುಂದೆ ಹಿಡಿಯಬಹುದು. ‘ಪರಿಶೀಲಿಸಲಾಗುವುದು’ ಎಂಬುದನ್ನು ಹಿಡಿಯುವುದು ಕಷ್ಟ. ಮೂರನೆಯದೊಂದು ಉಪಪ್ರಶ್ನೆಯೂ ಹಾಳೆಯ ಹಿಂಭಾಗದಲ್ಲಿತ್ತು, ಅದನ್ನು ಕೇಳುವ ಅಗತ್ಯ ಬೀಳಲಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಸದನಕ್ಕೆ ತಪ್ಪು ಮಾಹಿತಿ ಕೊಟ್ಟರೆಂದು ಹಕ್ಕುಚ್ಯುತಿ ಮಂಡಿಸೋಣವೆಂದು ಹಲವರು ಒತ್ತಾಯಿಸಿದರು. ನಾನು ಬೇಡವೆಂದೆ. ಹಕ್ಕುಚ್ಯುತಿಯಾದರೆ ಒಬ್ಬ ಕೆಳಹಂತದ ನೌಕರ ಅಮಾನತಾಗುತ್ತಾನೆ, ಕಡತ ವಿಚಾರಣೆಗೆ ಹೋಗುತ್ತದೆ, ಕಂಬ ಅಲ್ಲಿಯೇ ಉಳಿಯುತ್ತದೆ.

ನಡುವೆ ಮಾಡಿನೋಡಿದ ಬೇರೆ ಪ್ರಯತ್ನಗಳನ್ನೂ ಹೇಳಿಬಿಡುತ್ತೇನೆ. ನಿಯಮ 73ರಡಿ ಗಮನ ಸೆಳೆಯುವ ಸೂಚನೆ ಕೊಟ್ಟಾಗ ಸಚಿವರಿಂದ ಒಂದೂವರೆ ಪುಟದ ಒಳ್ಳೆಯ ಹೇಳಿಕೆ ಬಂತು, ಪಟ್ಟಿ ಬರಲಿಲ್ಲ. ಪಟ್ಟಿಯಿಲ್ಲದ ಉತ್ತರ ನನ್ನ ಕೆಲಸಕ್ಕೆ ಬಾರದು. ಪರಿಚಿತ ವಿಧಾನ ಪರಿಷತ್ ಸದಸ್ಯರೊಬ್ಬರಿಂದ ಅಲ್ಲಿನ ನಿಯಮ 330ರಡಿ ಇದೇ ವಿಷಯ ಎತ್ತಿಸಿದೆ, ಫಲ ಹೆಚ್ಚುಕಡಿಮೆ ಅಷ್ಟೇ. ಸಂಸದರ ಮೂಲಕ ಲೋಕಸಭೆಯಲ್ಲಿ 2019ರ ಪಿಎಂ-ಕುಸುಮ್ ಸೌರ ಪಂಪ್‌ಸೆಟ್ಟುಗಳ ಬಗ್ಗೆ ಕೇಳಿಸಿದಾಗ ರಾಜ್ಯವಾರು ಅಂಕಿಗಳು ಅಚ್ಚುಕಟ್ಟಾಗಿ ಬಂದವು, ತಾಲ್ಲೂಕಿನ ಮಟ್ಟಕ್ಕೆ ಇಳಿಯಲಿಲ್ಲ. ಮಾಹಿತಿ ಹಕ್ಕಿನ ಅರ್ಜಿ ಹತ್ತು ರೂಪಾಯಿಯಲ್ಲಿ ಮುಗಿಯುತ್ತದೆ, ಮತ್ತು ತಾಳೆ ಹಾಕುವುದಕ್ಕೆ ಬಹಳ ಉಪಯುಕ್ತ. ಆದರೆ ಅರ್ಜಿಗೆ ಉತ್ತರಿಸುವುದು ಮಾಹಿತಿ ಅಧಿಕಾರಿ, ಪ್ರಶ್ನೆಗೆ ಉತ್ತರಿಸುವುದು ಸಚಿವರು. ಸಚಿವರ ಸಹಿ ಬಿದ್ದ ಪಟ್ಟಿ ಸುಳ್ಳಾದಾಗ ಕೆಳಗಿನವರೆಲ್ಲ ಒಮ್ಮೆಗೇ ಎದ್ದು ನಿಲ್ಲುತ್ತಾರೆ.

ಮೂರು ತಿಂಗಳಲ್ಲಿ ಹದಿನಾಲ್ಕು ಸಂಪರ್ಕ ಬಂದವು. ಉಳಿದವಕ್ಕೆ ಭರವಸೆಗಳ ಸಮಿತಿಗೆ ಎರಡು ಬಾರಿ ಬರೆಯಬೇಕಾಯಿತು. ಎಂಟು ತಿಂಗಳು ಕಳೆಯುವಷ್ಟರಲ್ಲಿ ನಲವತ್ತೇಳರಲ್ಲಿ ನಲವತ್ತಕ್ಕೆ ಕರೆಂಟು ಬಂದಿತ್ತು. ಪ್ರತಿಯೊಂದನ್ನೂ ನಾನೇ ಹೋಗಿ, ಸ್ವಿಚ್ಚು ಹಾಕಿಸಿ, ಪೈಪಿನಲ್ಲಿ ನೀರು ಬಂದದ್ದನ್ನು ನೋಡಿ, ಪಟ್ಟಿಯಲ್ಲಿ ಗುರುತು ಹಾಕಿದ್ದೇನೆ. ಅಜ್ಜಿಯ ಬಾವಿ ಹದಿನಾರನೆಯದು. ಶಾಸಕರ ಭವನದಲ್ಲಿ ಅಂದು ನಂಬದಿದ್ದವರಲ್ಲಿ ಐವರು ಈಗ ತಮ್ಮ ಕ್ಷೇತ್ರಗಳಿಗೆ ಇದೇ ಮಾದರಿಯ ಪ್ರಶ್ನೆ ಬರೆಸಿಕೊಂಡು ಹೋಗಿದ್ದಾರೆ.

ಉಳಿದ ಏಳು ಬಾವಿಗಳಿಗೆ ಕಂಬ ಬಂದಿದೆ, ತಂತಿ ಬಂದಿದೆ, ಆದರೆ ಆ ಭಾಗದ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲಿನ ಹೊರೆ ಹೆಚ್ಚಾಗಿದೆ ಎನ್ನುತ್ತಾರೆ. ಯಾವ ಟಿ.ಸಿ.ಗೆ ಎಷ್ಟು ಪಂಪ್‌ಸೆಟ್ಟುಗಳನ್ನು ಜೋಡಿಸಲಾಗಿದೆ ಎಂಬುದನ್ನು ಆರ್.ಆರ್. ಸಂಖ್ಯೆವಾರು ಕೇಳುವ ಪ್ರಶ್ನೆಯನ್ನು ಮೊನ್ನೆ ಬರೆದು ಮುಗಿಸಿದ್ದೇನೆ. ನಿವೃತ್ತ ಲೈನ್‌ಮನ್ನರು ಈ ಭಾನುವಾರ ಬೈಕ್ ಹತ್ತಲು ಒಪ್ಪಿದ್ದಾರೆ.